ಬಸುರಿನಲ್ಲಿ ಶುಗರ್ ಟೆಸ್ಟ್: ಯಾವಾಗ, ಹೇಗೆ, ರಿಪೋರ್ಟ್ ಕೈಗೆ ಬಂದ ಮೇಲೆ ಏನು

ಗ್ಲೂಕೋಸ್ ನೀರು ಕುಡಿದು ಇಪ್ಪತ್ತು ನಿಮಿಷ ಆಗಿತ್ತು, ಲ್ಯಾಬಿನ ಬಾತ್‌ರೂಮಿಗೆ ಓಡಿದೆ. ಕುಡಿದದ್ದೆಲ್ಲ ವಾಪಸ್ ಬಂತು. ಹೊರಗೆ ಬಂದು ರಕ್ತ ತೆಗೆಯುವ ಹುಡುಗಿಗೆ ಹೇಳಿದರೆ, "ಪರವಾಗಿಲ್ಲ ಮೇಡಂ, ತುಂಬಾ ಜನಕ್ಕೆ ಆಗುತ್ತೆ. ಕೂತಿರಿ, ಟೈಮ್ ಆದಾಗ ಕರೀತೀನಿ" ಅಂದಳು. ಆ ನೀರನ್ನು ಇನ್ನೊಮ್ಮೆ ಕುಡಿಯುವ ಧೈರ್ಯ ನನಗೂ ಇರಲಿಲ್ಲ. ಸುಮ್ನೆ ಕೂತೆ. ಸಂಜೆ ರಿಪೋರ್ಟ್ ಬಂತು. ಮೂರೂ ಅಂಕಿ ಗಡಿಯೊಳಗೆ. ಮನೆಯಲ್ಲಿ ಎಲ್ಲರಿಗೂ ನಿರಾಳ.

ಮುಂದಿನ ಚೆಕಪ್‌ನಲ್ಲಿ ಡಾಕ್ಟರ್ ರಿಪೋರ್ಟ್ ನೋಡುತ್ತಲೇ ಕೇಳಿದರು: "ಕುಡಿದದ್ದು ಹೊಟ್ಟೇಲಿ ಉಳೀತಾ?" ಉಳಿದಿರಲಿಲ್ಲ. ಬೇರೆ ದಿನ ಮತ್ತೆ ಪರೀಕ್ಷೆ ಆಯಿತು. ಈ ಸಲ ಒಂದು ಗಂಟೆಯ ಅಂಕಿ 191, ಗಡಿ 180. ನನಗೆ ಜೆಸ್ಟೇಷನಲ್ ಡಯಾಬಿಟಿಸ್, ಅಂದರೆ ಬಸುರಿನಲ್ಲಿ ಬರುವ ಶುಗರ್, ಇತ್ತು, ಮೊದಲ ರಿಪೋರ್ಟ್ ಅದನ್ನು ಹಿಡಿದಿರಲಿಲ್ಲ ಅಷ್ಟೇ.

ಶುಗರ್ ರಿಪೋರ್ಟ್‌ನಲ್ಲಿ ಎಲ್ಲರ ಕಣ್ಣೂ ನೇರ ಅಂಕಿಗೇ ಹೋಗುತ್ತದೆ. ಆ ಅಂಕಿ ಯಾವ ವಾರದ್ದು, ಯಾವ ಪರೀಕ್ಷೆಯದ್ದು, ಹೇಗೆ ತೆಗೆದದ್ದು ಅನ್ನೋದು ಗೊತ್ತಿಲ್ಲದಿದ್ದರೆ ಅದನ್ನು ನೋಡಿ ಖುಷಿಪಡುವುದೂ ತಪ್ಪು, ಹೆದರುವುದೂ ತಪ್ಪು. ನಾನು ಡಾಕ್ಟರ್ ಅಲ್ಲ. ಚಿಕಿತ್ಸೆಯ ತೀರ್ಮಾನ ನಿಮ್ಮ ಡಾಕ್ಟರದ್ದೇ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು, ಲ್ಯಾಬಿನಲ್ಲಿ ಏನು ಗಮನಿಸಬೇಕು ಅನ್ನೋದು ನಮಗೇ ಗೊತ್ತಿರಬೇಕು, ಅಲ್ವಾ?

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ

ಪ್ರಿಡಯಾಬಿಟಿಸ್ ಅಂದರೆ ನಾವು "ಬಾರ್ಡರ್‌ನಲ್ಲಿದೆ" ಅನ್ನುತ್ತೇವಲ್ಲ, ಅದೇ. ಖಾಲಿ ಹೊಟ್ಟೆಯ ಶುಗರ್ 100ರಿಂದ 125, ಅಥವಾ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಶೇಕಡಾ 5.7ರಿಂದ 6.4, ಅಥವಾ ಗ್ಲೂಕೋಸ್ ಕುಡಿದು ಎರಡು ಗಂಟೆಗೆ 140ರಿಂದ 199. ಇದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಇಟ್ಟ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಖಾಲಿ ಹೊಟ್ಟೆಯ ಬಾರ್ಡರನ್ನು 110ರಿಂದ ಶುರು ಮಾಡುತ್ತದೆ. ಖಾಲಿ ಹೊಟ್ಟೆಗೆ 126, ಎಚ್‌ಬಿಎ1ಸಿ 6.5, ಎರಡು ಗಂಟೆಗೆ 200 ಮುಟ್ಟಿದರೆ ಅದು ಬಾರ್ಡರ್ ದಾಟಿದ ಡಯಾಬಿಟಿಸ್. ಈ ಬರಹದಲ್ಲಿ ಶುಗರ್ ಅಂಕಿ ಎಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅನ್ನೋ ಲೆಕ್ಕದಲ್ಲಿದೆ. ನಿಮ್ಮ ರಿಪೋರ್ಟ್ ಮಿಲಿಮೋಲ್‌ನಲ್ಲಿದ್ದರೆ 18ರಿಂದ ಗುಣಿಸಿಕೊಳ್ಳಿ.

ಪ್ರಿಡಯಾಬಿಟಿಸ್ ಬಸುರಾಗುವ ಮೊದಲೇ ಬಂದಿರುತ್ತದೆ. ಜೆಸ್ಟೇಷನಲ್ ಡಯಾಬಿಟಿಸ್ ಕಾಣಿಸಿಕೊಳ್ಳುವುದು ಬಸುರಿನಲ್ಲಿ, ಸಾಮಾನ್ಯವಾಗಿ ಅರ್ಧ ದಾರಿ ಕಳೆದ ಮೇಲೆ. ಮಾಸು, ಅಂದರೆ ಪ್ಲಾಸೆಂಟಾ, ಬೆಳೆದ ಹಾಗೆ ಅದರಿಂದ ಬರುವ ಹಾರ್ಮೋನುಗಳು ಅಮ್ಮನ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ಮಗುವಿಗೆ ಸಕ್ಕರೆ ಸಿಗಲಿ ಅಂತ ದೇಹ ಮಾಡಿಕೊಂಡ ಏರ್ಪಾಡು ಅದು. ಎಲ್ಲ ಬಸುರಿಯರಲ್ಲೂ ಆಗುತ್ತದೆ. ಹೆಚ್ಚಿನವರ ಮೇದೋಜೀರಕ ಗ್ರಂಥಿ ಜಾಸ್ತಿ ಇನ್ಸುಲಿನ್ ಮಾಡಿ ಸರಿದೂಗಿಸುತ್ತದೆ. ಕೆಲವರದ್ದಕ್ಕೆ ಆಗುವುದಿಲ್ಲ. ಮೊದಲೇ ಬಾರ್ಡರ್‌ನಲ್ಲಿದ್ದವರಿಗೆ ಭಾರ ಹೊತ್ತ ಎತ್ತಿನ ಮೇಲೆ ಇನ್ನೊಂದು ಮೂಟೆ ಹೇರಿದ ಹಾಗೆ. ಅದಕ್ಕೇ ಈ ಎರಡನ್ನೂ ಒಟ್ಟಿಗೆ ಹುಡುಕುವುದು.

ಮಗುವಿಗೇನು? ಅಮ್ಮನ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಅಮ್ಮನ ಇನ್ಸುಲಿನ್ ಹೋಗುವುದಿಲ್ಲ. ಬಂದ ಸಕ್ಕರೆಗೆ ಮಗು ತಾನೇ ಇನ್ಸುಲಿನ್ ಮಾಡಿಕೊಳ್ಳಬೇಕು. ಇನ್ಸುಲಿನ್ ಜಾಸ್ತಿಯಾದರೆ ಮಗು ದಪ್ಪಗಾಗುತ್ತದೆ, ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವ ಅಪಾಯ ಹೆಚ್ಚುತ್ತದೆ. ಹುಟ್ಟಿದ ಕ್ಷಣ ಅಮ್ಮನಿಂದ ಬರುವ ಸಕ್ಕರೆ ನಿಂತುಹೋಗುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಹಾಗೇ ಇರುತ್ತದೆ. ಆಗ ಮಗುವಿನ ಶುಗರ್ ದಢಕ್ಕನೆ ಇಳಿಯಬಹುದು.

"ನನಗೆ ಏನೂ ಅನ್ನಿಸ್ತಿಲ್ವಲ್ಲ" ಅನ್ನೋದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬಾಯಾರಿಕೆ, ಸುಸ್ತು, ಪದೇ ಪದೇ ಮೂತ್ರ, ಇವೆಲ್ಲ ಬಸುರಿನಲ್ಲಿ ಯಾರಿಗಾದರೂ ಇದ್ದದ್ದೇ. ಮೂತ್ರ ಪರೀಕ್ಷೆಯನ್ನೂ ನಂಬಿಕೊಂಡು ಕೂರಬೇಡಿ. ಬಸುರಿನಲ್ಲಿ ಕಿಡ್ನಿ ಸ್ವಲ್ಪ ಸಕ್ಕರೆಯನ್ನು ಸುಲಭವಾಗಿ ಹೊರಗೆ ಬಿಡುತ್ತದೆ. ಶುಗರ್ ಸರಿ ಇದ್ದವರ ಮೂತ್ರದಲ್ಲೂ ಕಾಣಿಸಬಹುದು, ಶುಗರ್ ಸರಿ ಇಲ್ಲದವರಲ್ಲಿ ಕಾಣದೆಯೂ ಇರಬಹುದು.

ಹಂತ 1: ಮೊದಲ ಭೇಟಿಗೆ ಹೋಗುವ ಮುಂಚೆ ಒಂದು ಚೀಟಿ ಬರೆಯಿರಿ

ಡಾಕ್ಟರ್ ಮುಂದೆ ಕೂತಾಗ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಚೀಟಿ. ಇದರಲ್ಲಿ ನಿಮಗೆ ಯಾವುದು ಹೊಂದುತ್ತದೆ ನೋಡಿ:

- ಹಿಂದಿನ ಬಸುರಿನಲ್ಲಿ ಶುಗರ್ ಬಂದಿತ್ತಾ? ಎಲ್ಲಕ್ಕಿಂತ ದೊಡ್ಡ ಸುಳಿವು ಇದು.
- ಯಾವತ್ತಾದರೂ ರಿಪೋರ್ಟ್ ನೋಡಿ "ಬಾರ್ಡರ್" ಅಂದಿದ್ದರಾ? ಹಳೆ ರಿಪೋರ್ಟ್ ಇದ್ದರೆ ತೆಗೆದಿಡಿ.
- ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಡಯಾಬಿಟಿಸ್ ಇದೆಯಾ?
- ಬಸುರಾಗುವ ಮೊದಲು ತೂಕ ಎಷ್ಟಿತ್ತು? ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ದಾಟಿದ್ದರೆ ಅಪಾಯ ಜಾಸ್ತಿ. ಏಷ್ಯಾ ಮೂಲದವರಿಗೆ ಈ ಗೆರೆ 23.
- ಪಿಸಿಒಎಸ್ (ಮುಟ್ಟು ಏರುಪೇರಾಗುವ ಹಾರ್ಮೋನಿನ ತೊಂದರೆ), ಬಿಪಿ, ಹೃದಯದ ತೊಂದರೆ?
- ಹಿಂದೆ 4 ಕೆಜಿಗಿಂತ ದಪ್ಪ ಮಗು ಹುಟ್ಟಿತ್ತಾ? ಹೊಟ್ಟೆಯಲ್ಲೇ ಮಗು ಹೋಗಿತ್ತಾ?
- ಕುತ್ತಿಗೆ ಹಿಂದೆ, ಕಂಕುಳಲ್ಲಿ ಚರ್ಮ ಮಖಮಲ್ಲಿನ ಹಾಗೆ ಕಪ್ಪಗೆ ದಪ್ಪಗಾಗಿದೆಯಾ?

ಕೊನೆಯದನ್ನು ಬಹಳ ಜನ ಕೊಳೆ ಅಂದುಕೊಂಡು ಉಜ್ಜುತ್ತಿರುತ್ತಾರೆ. ಉಜ್ಜಿದರೆ ಹೋಗುವಂಥದ್ದಲ್ಲ. ದೇಹಕ್ಕೆ ಇನ್ಸುಲಿನ್ ಸರಿಯಾಗಿ ನಾಟುತ್ತಿಲ್ಲ ಅನ್ನೋದಕ್ಕೆ ಅದೊಂದು ಗುರುತು.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ, ಏರಿದ ಹಾಗೆ ಅಪಾಯವೂ ಏರುತ್ತದೆ. ದಕ್ಷಿಣ ಏಷ್ಯಾ ಮೂಲದವರು ಅಂದರೆ ಅದೇ ಒಂದು ಕಾರಣ. ಹಾಗಾಗಿ ಕನ್ನಡದಲ್ಲಿ ಇದನ್ನು ಓದುತ್ತಿರುವ ಹೆಚ್ಚಿನವರು ಒಂದು ಟಿಕ್ ಹಾಕಿಕೊಂಡೇ ಮುಂದೆ ಹೋಗಬಹುದು. ಚೀಟಿಯಲ್ಲಿ ಬೇರೇನೂ ಇಲ್ಲದಿದ್ದರೂ 24ರಿಂದ 28ನೇ ವಾರದ ಪರೀಕ್ಷೆ ತಪ್ಪಿಸಬೇಡಿ. ಯಾವ ಕಾರಣವೂ ಕಾಣದವರಿಗೂ ಇದು ಬರುತ್ತದೆ.

ಹಂತ 2: ಮೊದಲ ಮೂರು ತಿಂಗಳಲ್ಲಿ ಒಂದು ರಕ್ತ ಪರೀಕ್ಷೆ

ಇಲ್ಲಿ ಹುಡುಕುವುದು ಹಳೆಯ ಕಾಯಿಲೆಯನ್ನು. ಬಸುರಾಗುವ ಮೊದಲೇ ಡಯಾಬಿಟಿಸ್ ಇದ್ದು ಗೊತ್ತಾಗಿರದಿದ್ದರೆ ಈಗಲೇ ಗೊತ್ತಾಗಬೇಕು, ಏಕೆಂದರೆ ಮಗುವಿನ ಅಂಗಗಳು ಮೂಡುವುದು ಈ ವಾರಗಳಲ್ಲೇ. ಅಪಾಯ ಇರುವವರಿಗೆ 15ನೇ ವಾರದ ಒಳಗೆ ಖಾಲಿ ಹೊಟ್ಟೆಯ ಶುಗರ್ ಅಥವಾ ಎಚ್‌ಬಿಎ1ಸಿ ಮಾಡಿಸುತ್ತಾರೆ. ಖಾಲಿ ಹೊಟ್ಟೆಗೆ 126, ಅಥವಾ ಎಚ್‌ಬಿಎ1ಸಿ 6.5 ಇದ್ದರೆ ಅದು ಮೊದಲಿನಿಂದ ಇದ್ದ ಡಯಾಬಿಟಿಸ್ ಅಂತಲೇ ನೋಡುತ್ತಾರೆ. ಖಾಲಿ ಹೊಟ್ಟೆಗೆ 110ರಿಂದ 125, ಅಥವಾ ಎಚ್‌ಬಿಎ1ಸಿ 5.9ರಿಂದ 6.4 ಇದ್ದವರ ಮೇಲೆ ಮೊದಲಿನಿಂದಲೇ ಒಂದು ಕಣ್ಣಿಡುತ್ತಾರೆ.

ನಡುವಿನ ಅಂಕಿಗಳ ವಿಷಯಕ್ಕೆ ಬಂದರೆ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಹತ್ತನೇ ವಾರದಲ್ಲಿ 94 ಬಂದರೆ ಒಬ್ಬರು ಅದನ್ನೇ ಜೆಸ್ಟೇಷನಲ್ ಡಯಾಬಿಟಿಸ್ ಅನ್ನುತ್ತಾರೆ, ಇನ್ನೊಬ್ಬರು "24ನೇ ವಾರಕ್ಕೆ ನೋಡೋಣ" ಅನ್ನುತ್ತಾರೆ. ಇಬ್ಬರೂ ಒಂದೊಂದು ಮಾರ್ಗಸೂಚಿಯನ್ನು ಹಿಡಿದೇ ಮಾತಾಡುತ್ತಿರುತ್ತಾರೆ. "ನೀವು ಯಾವ ಗಡಿ ಇಟ್ಟುಕೊಂಡು ನೋಡ್ತೀರಿ?" ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಎಚ್‌ಬಿಎ1ಸಿ ಬಗ್ಗೆ ಒಂದು ಎಚ್ಚರಿಕೆ. ಅದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯ ಲೆಕ್ಕ. ಬಸುರಿನಲ್ಲಿ ಹೊಸ ರಕ್ತಕಣಗಳು ಬೇಗ ಬೇಗ ಹುಟ್ಟುತ್ತವೆ. ಹೊಸದಕ್ಕೆ ಸಕ್ಕರೆ ಅಂಟಲು ಪುರುಸೊತ್ತು ಸಿಕ್ಕಿರುವುದಿಲ್ಲ, ಹಾಗಾಗಿ ಅಂಕಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಉಲ್ಟಾ, ಜಾಸ್ತಿ ತೋರಿಸಬಹುದು. ಸಿಕಲ್ ಸೆಲ್, ಥಲಸ್ಸೀಮಿಯಾ ಇದ್ದವರಲ್ಲಿ ಇನ್ನೂ ಗೊಂದಲ. ಮೊದಲ ತಿಂಗಳುಗಳಲ್ಲಿ ಎಚ್‌ಬಿಎ1ಸಿ 5.3 ಬಂತು ಅಂತ 26ನೇ ವಾರದ ಪರೀಕ್ಷೆ ಬಿಡುವ ಹಾಗಿಲ್ಲ. ಅದರ ಜಾಗವನ್ನು ಇದು ತುಂಬುವುದಿಲ್ಲ.

ಹಂತ 3: 24ರಿಂದ 28ನೇ ವಾರ. ಯಾವ ಪರೀಕ್ಷೆ ಅಂತ ಕೇಳಿಕೊಳ್ಳಿ

ಈ ವಾರಗಳೇ ಏಕೆ? ಮಾಸಿನ ಹಾರ್ಮೋನುಗಳ ಅಡ್ಡಿ ಅಷ್ಟೊತ್ತಿಗೆ ಪರೀಕ್ಷೆಯಲ್ಲಿ ಕಾಣುವಷ್ಟು ಬಲಿತಿರುತ್ತದೆ. ಸರಿಪಡಿಸಲು ಇನ್ನೂ ಮೂರು ತಿಂಗಳು ಕೈಯಲ್ಲಿರುತ್ತದೆ.

"ಗ್ಲೂಕೋಸ್ ಟೆಸ್ಟ್" ಅಂತ ಡಾಕ್ಟರ್ ಚೀಟಿಯಲ್ಲಿ ಬರೆದರೆ ಅದು ಮೂರರಲ್ಲಿ ಯಾವುದು ಬೇಕಾದರೂ ಆಗಿರಬಹುದು. ಮೂರಕ್ಕೂ ಗಡಿ ಬೇರೆ ಬೇರೆ.

ಮೊದಲನೆಯದು ಖಾಲಿ ಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸ್, ಮೂರು ಸಲ ರಕ್ತ. ಖಾಲಿ ಹೊಟ್ಟೆಗೆ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಮೂರರಲ್ಲಿ ಒಂದು ಗಡಿ ಮುಟ್ಟಿದರೂ ಇದೆ ಅಂತಲೇ ಅರ್ಥ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿಕೊಂಡದ್ದು ಇದನ್ನೇ, ಆದರೆ ಖಾಲಿ ಹೊಟ್ಟೆಗೆ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಅದನ್ನು ಜೆಸ್ಟೇಷನಲ್ ಅನ್ನದೆ ಡಯಾಬಿಟಿಸ್ ಅಂತಲೇ ಕರೆಯುತ್ತದೆ.

ಎರಡನೆಯದು ಎರಡು ಮೆಟ್ಟಿಲಿನದು. ಮೊದಲು ಊಟದ ಹಂಗಿಲ್ಲದೆ 50 ಗ್ರಾಂ ಕುಡಿಸಿ ಒಂದು ಗಂಟೆಗೆ ರಕ್ತ ತೆಗೆಯುತ್ತಾರೆ. 130, 135 ಅಥವಾ 140, ಆಯಾ ಆಸ್ಪತ್ರೆ ಇಟ್ಟ ಗಡಿ ದಾಟಿದರೆ ಇನ್ನೊಂದು ದಿನ ಖಾಲಿ ಹೊಟ್ಟೆಗೆ 100 ಗ್ರಾಂ ಕುಡಿಸಿ ಮೂರು ಗಂಟೆಯ ಪರೀಕ್ಷೆ. ಅಲ್ಲಿ ಗಡಿ ಖಾಲಿ ಹೊಟ್ಟೆಗೆ 95, ಆಮೇಲೆ ಒಂದು, ಎರಡು, ಮೂರು ಗಂಟೆಗೆ 180, 155, 140. ಸಾಮಾನ್ಯವಾಗಿ ಎರಡು ಅಂಕಿ ದಾಟಿರಬೇಕು. ಮೊದಲ ಮೆಟ್ಟಿಲಲ್ಲಿ ದಾಟಿದರೆ ಕಾಯಿಲೆ ಇದೆ ಅಂತಲ್ಲ, ಇನ್ನೊಂದು ಪರೀಕ್ಷೆ ಬೇಕು ಅಂತ ಅಷ್ಟೇ. ಇಲ್ಲಿಗೇ ಅಳುತ್ತಾ ಕೂತವರನ್ನು ನೋಡಿದ್ದೇನೆ.

ಮೂರನೆಯದು ಭಾರತದಲ್ಲಿ ಬಳಕೆಯಲ್ಲಿರುವ ಸರಳ ದಾರಿ. ಉಂಡಿರಿ, ಬಿಟ್ಟಿರಿ, 75 ಗ್ರಾಂ ಕುಡಿದು ಎರಡು ಗಂಟೆಗೆ ಒಂದೇ ಸಲ ರಕ್ತ. 140 ಮುಟ್ಟಿದರೆ ಇದೆ. ಖಾಲಿ ಹೊಟ್ಟೆಯಲ್ಲಿ ದೂರದಿಂದ ಬರಲು ಆಗದವರಿಗೆ ಇದು ಅನುಕೂಲ.

ಈ ಗಡಿಗಳು ಬಂದ ಕಥೆಯೂ ಗೊತ್ತಿರಲಿ. 100 ಗ್ರಾಂ ಪರೀಕ್ಷೆಯ ಬೇರು 1964ರಲ್ಲಿ ಓ'ಸಲಿವನ್ ಮತ್ತು ಮಹಾನ್ ಮಾಡಿದ ಕೆಲಸದಲ್ಲಿದೆ. ಅವರು ಹುಡುಕಿದ್ದು ಅಮ್ಮನಿಗೆ ಮುಂದೆ ಡಯಾಬಿಟಿಸ್ ಬರುತ್ತಾ ಅನ್ನೋದನ್ನು. ಮಗುವಿನ ಕಡೆಯಿಂದ ದೊಡ್ಡ ಮಟ್ಟದಲ್ಲಿ ನೋಡಿದ್ದು 2008ರಲ್ಲಿ ಪ್ರಕಟವಾದ ಹಾಪೊ ಅಧ್ಯಯನ. 9 ದೇಶಗಳ 23 ಸಾವಿರಕ್ಕೂ ಹೆಚ್ಚು ಬಸುರಿಯರು ಅದರಲ್ಲಿದ್ದರು. ಅದರಲ್ಲಿ ಕಂಡದ್ದು ಏನಂದರೆ, ಶುಗರ್ ಏರಿದ ಹಾಗೆ ತೊಂದರೆಗಳೂ ಮೆಲ್ಲಗೆ ಏರುತ್ತಾ ಹೋಗುತ್ತವೆ, ಇಲ್ಲಿಂದ ಶುರು ಅನ್ನುವ ಗೋಡೆ ಎಲ್ಲೂ ಇಲ್ಲ. 92, 180, 153 ಅನ್ನೋದು ತಜ್ಞರು ಕೂತು ಆ ಏರಿನ ಮೇಲೆ ಎಳೆದ ಗೆರೆ. 152 ಬಂದವರು ಕುಣಿಯಬೇಕಿಲ್ಲ, 154 ಬಂದವರು ಆಕಾಶ ಕಳಚಿ ಬಿತ್ತು ಅನ್ನಬೇಕಿಲ್ಲ.

ಹಂತ 4: ಪರೀಕ್ಷೆಯ ಹಿಂದುಮುಂದಿನ ದಿನಗಳು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಾನು ಎಡವಿದ್ದು ಇಲ್ಲೇ.

ಮೂರು ದಿನ ಮೊದಲಿನಿಂದ: ಯಾವಾಗಿನ ಹಾಗೆ ಊಟ ಮಾಡಿ. "ಟೆಸ್ಟ್ ಇದೆ, ಸಿಹಿ ಬಿಡ್ತೀನಿ, ಊಟ ಕಡಿಮೆ ಮಾಡ್ತೀನಿ" ಅನ್ನೋ ಜಾಣತನ ಬೇಡ. ಮೂರು ದಿನ ಪಿಷ್ಟ ಕಡಿಮೆ ತಿಂದ ದೇಹ ಒಮ್ಮೆಲೇ ಬಂದ ಗ್ಲೂಕೋಸನ್ನು ಸರಿಯಾಗಿ ನಿಭಾಯಿಸಲಾರದು, ಅಂಕಿ ಜಾಸ್ತಿಯೇ ಬರಬಹುದು. ಜ್ವರ, ಸೋಂಕು ಇದ್ದರೆ ದಿನ ಮುಂದಕ್ಕೆ ಹಾಕಿ. ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರೆ ಡಾಕ್ಟರಿಗೆ ನೆನಪಿಸಿ, ಅದು ಕೆಲವು ದಿನ ಶುಗರ್ ಏರಿಸುತ್ತದೆ. ಹೊಟ್ಟೆ ಚಿಕ್ಕದು ಮಾಡುವ ತೂಕದ ಆಪರೇಷನ್ ಆಗಿದ್ದವರು ಈ ನೀರು ಕುಡಿಯುವ ಮೊದಲೇ ಹೇಳಬೇಕು. ಅವರಿಗೆ ಇದು ಒಗ್ಗುವುದಿಲ್ಲ, ಅದರ ಬದಲು ಮನೆಯಲ್ಲೇ ಕೆಲವು ದಿನ ಗ್ಲೂಕೋಮೀಟರ್‌ನಲ್ಲಿ ನೋಡಿಸುತ್ತಾರೆ.

ಹಿಂದಿನ ರಾತ್ರಿ: ಎಂಟು ಗಂಟೆಗೆ ಕಡಿಮೆ ಇಲ್ಲದ, ಹದಿನಾಲ್ಕು ಗಂಟೆ ಮೀರದ ಉಪವಾಸ. ನೀರು ಕುಡಿಯಬಹುದು. ಕಾಫಿ, ಟೀ, ಹಾಲು, ಜ್ಯೂಸ್ ಬೇಡ. ಸಕ್ಕರೆ ಇಲ್ಲದ ಕಾಫಿಯೂ ಬೇಡ. ಬೆಳಗಿನ ಮೊದಲ ಸರದಿ ಕೇಳಿ. ಹಸಿದ ಹೊಟ್ಟೆಯಲ್ಲಿ ಕ್ಯೂ ನಿಲ್ಲುವುದಕ್ಕಿಂತ ಬೇಸರದ್ದು ಬೇರೆ ಇಲ್ಲ.

ಲ್ಯಾಬಿನಲ್ಲಿ: ಮೊದಲು ಖಾಲಿ ಹೊಟ್ಟೆಯ ರಕ್ತ ಕೊಡಿ, ಆಮೇಲೆ ನೀರು. ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ಒಂದೇ ಗುಟುಕಿಗೆ ಸುರಿದುಕೊಳ್ಳಬೇಡಿ, ನಾನು ಮಾಡಿದ್ದು ಅದನ್ನೇ. ತಣ್ಣಗಿದ್ದರೆ ಸುಲಭವಾಗಿ ಇಳಿಯುತ್ತದೆ. ಎರಡನೇ ಸಲ ನಾನು ತಣ್ಣನೆಯ ನೀರಲ್ಲಿ ಕಲಸಿಕೊಡಿ ಅಂತ ಕೇಳಿಕೊಂಡೆ, ನಾಲ್ಕು ಭಾಗ ಮಾಡಿ ಕುಡಿದೆ, ಕುಡಿದ ಮೇಲೆ ಒರಗಿ ಕೂತು ಕಣ್ಣು ಮುಚ್ಚಿಕೊಂಡೆ. ಅವತ್ತು ಉಳಿಯಿತು.

ಗಡಿಯಾರ ಶುರುವಾಗುವುದು ಮೊದಲ ಗುಟುಕಿನಿಂದ. ಆ ಹೊತ್ತನ್ನು ಫೋನಿನಲ್ಲಿ ಬರೆದುಕೊಳ್ಳಿ, ಅಲಾರಂ ಇಡಿ. ಲ್ಯಾಬಿನವರು ಹತ್ತಾರು ಜನರನ್ನು ನೋಡಬೇಕು, ನಿಮಗೆ ನೀವೊಬ್ಬರೇ. ಒಂದು ಗಂಟೆಯ ರಕ್ತ ಒಂದೂ ಕಾಲು ಗಂಟೆಗೆ ತೆಗೆದರೆ ಅದು ಒಂದು ಗಂಟೆಯ ಅಂಕಿ ಅಲ್ಲ. ನಡುವೆ ಓಡಾಟ ಬೇಡ, ಮಾಲಿಗೆ ಹೋಗಿ ಬರ್ತೀನಿ ಅನ್ನೋದು ಬೇಡ. ಸ್ನಾಯು ಕೆಲಸ ಮಾಡಿದರೆ ಸಕ್ಕರೆ ಇಳಿಯುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ.

ವಾಂತಿ ಆದರೆ ಹೊತ್ತು ನೋಡಿ, ಹೇಳಿ. ಭಾರತದ ಒಂದೇ ಸಲದ ಪರೀಕ್ಷೆಯಲ್ಲಿ ಮೂವತ್ತು ನಿಮಿಷದೊಳಗೆ ಆದರೆ ಇನ್ನೊಂದು ದಿನ ಮಾಡಬೇಕು, ಆಮೇಲೆ ಆದರೆ ಮುಂದುವರಿಸಬಹುದು ಅನ್ನೋ ನಿಯಮ ಇದೆ. ಮೂರು ಸಲ ರಕ್ತ ತೆಗೆಯುವ ಪರೀಕ್ಷೆಯಲ್ಲಿ ಹಲವು ಕಡೆ ವಾಂತಿಯಾದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಕಡೇ ಪಕ್ಷ "ಇಷ್ಟು ನಿಮಿಷಕ್ಕೆ ವಾಂತಿ" ಅಂತ ರಿಪೋರ್ಟ್ ಮೇಲೆ ಬರೆಸಿಕೊಳ್ಳಿ.

ಇನ್ನೊಂದು ಯಾರೂ ಹೇಳದ ವಿಷಯ. ತೆಗೆದಿಟ್ಟ ರಕ್ತದಲ್ಲೂ ಜೀವಕೋಶಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಟ್ಯೂಬ್ ಹಾಗೇ ಮೇಜಿನ ಮೇಲೆ ಬಿದ್ದಿದ್ದರೆ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ. 95 ಇದ್ದದ್ದು 90 ಆಗಲು ಅಷ್ಟು ಸಾಕು. ರಕ್ತ ಅಲ್ಲೇ ಪರೀಕ್ಷಿಸುವ ಲ್ಯಾಬ್ ಸಿಕ್ಕರೆ ಅದೇ ಒಳ್ಳೆಯದು.

ಹಂತ 5: ರಿಪೋರ್ಟ್ ಓದುವುದು

ಮೊದಲು ಪರೀಕ್ಷೆಯ ಹೆಸರು, ಎಷ್ಟು ಗ್ರಾಂ, ಎಷ್ಟು ಸಲ ರಕ್ತ ನೋಡಿ. ಆಮೇಲೆ ಅಂಕಿ. ರಿಪೋರ್ಟ್ ಪಕ್ಕದಲ್ಲಿ ಅಚ್ಚಾಗಿರುವ "ನಾರ್ಮಲ್" ಗಡಿ ಹಲವು ಸಲ ಬಸುರಿಯರದ್ದಾಗಿರುವುದಿಲ್ಲ. ಖಾಲಿ ಹೊಟ್ಟೆಗೆ 97 ಬಂದು ಪಕ್ಕದಲ್ಲಿ "70–99 ನಾರ್ಮಲ್" ಅಂತಿದ್ದರೆ ಯಂತ್ರ ಕೆಂಪು ಬಣ್ಣ ಹಾಕುವುದಿಲ್ಲ. 75 ಗ್ರಾಂ ಪರೀಕ್ಷೆಯ ಗಡಿ 92. ನೀವೇ ಕಂಡುಹಿಡಿಯಬೇಕು.

ನಾರ್ಮಲ್ ಬಂದರೆ ಮುಂದಕ್ಕೆ ಹೋಗಿ. ಆಮೇಲೆ ಸ್ಕ್ಯಾನಿಂಗ್‌ನಲ್ಲಿ ಮಗು ತೀರಾ ದಪ್ಪ, ಮಗುವಿನ ಸುತ್ತಲಿನ ನೀರು ಜಾಸ್ತಿ ಅಂದರೆ ಮತ್ತೆ ಶುಗರ್ ನೋಡಬೇಕಾ ಅಂತ ಕೇಳಿ.

ಇದೆ ಅಂತ ಬಂದರೆ, ಮೊದಲನೆಯದು, ನೀವು ಸಿಹಿ ತಿಂದದ್ದಕ್ಕೆ ಬಂದದ್ದು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಎರಡನೆಯದು, ಒಂದು ಗ್ಲೂಕೋಮೀಟರ್ ಬೇಕಾಗುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಮ್ಮೆ, ಮೂರು ಊಟದ ನಂತರ ಒಂದೊಂದು ಸಲ. ಗುರಿ: ಖಾಲಿ ಹೊಟ್ಟೆಗೆ 95ಕ್ಕಿಂತ ಕಡಿಮೆ, ಊಟದ ನಂತರ ಒಂದು ಗಂಟೆಗೆ 140ಕ್ಕಿಂತ ಕಡಿಮೆ, ಅಥವಾ ಎರಡು ಗಂಟೆಗೆ 120ಕ್ಕಿಂತ ಕಡಿಮೆ. ಬೆರಳ ತುದಿಯ ನಡುವೆ ಚುಚ್ಚಬೇಡಿ, ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ಕೈ ತೊಳೆದು ಒರೆಸಿಕೊಂಡೇ ಚುಚ್ಚಿ. ಹಣ್ಣು ಹೆಚ್ಚಿದ ಕೈಯಲ್ಲಿ ಒಮ್ಮೆ ನೋಡಿ ನಾನು 210 ಅಂತ ಗಾಬರಿಯಾಗಿದ್ದೆ. ತೊಳೆದು ನೋಡಿದರೆ 118!

ಬಹಳಷ್ಟು ಜನರಿಗೆ ಊಟದ ಬದಲಾವಣೆ, ಊಟದ ನಂತರದ ನಡಿಗೆ ಇಷ್ಟೇ ಸಾಕಾಗುತ್ತದೆ. ಸಾಕಾಗದಿದ್ದರೆ ಇನ್ಸುಲಿನ್. ಅದು ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ ಅನ್ನೋದನ್ನು ನೆನಪಿಟ್ಟುಕೊಂಡರೆ ಅರ್ಧ ಭಯ ಹೋಗುತ್ತದೆ.

ಹಂತ 6: ಹೆರಿಗೆಯ ನಂತರದ ಪರೀಕ್ಷೆ

ಮಾಸು ಹೊರಬಿದ್ದ ಮೇಲೆ ಹೆಚ್ಚಿನವರ ಶುಗರ್ ತಾನಾಗಿ ಇಳಿಯುತ್ತದೆ. ಗ್ಲೂಕೋಮೀಟರ್ ಕಪಾಟು ಸೇರುತ್ತದೆ. ಎಲ್ಲರ ಗಮನ ಮಗುವಿನ ಕಡೆ. ಬಹಳ ಜನ ತಪ್ಪಿಸಿಕೊಳ್ಳುವ ಪರೀಕ್ಷೆ ಇದು.

ಬಸುರಿನಲ್ಲಿ ಶುಗರ್ ಬಂದವರಿಗೆ ಮುಂದೆ ಟೈಪ್ 2 ಡಯಾಬಿಟಿಸ್ ಬರುವ ಸಂಭವ ಬರದವರಿಗಿಂತ ಸುಮಾರು 7ರಿಂದ 10 ಪಟ್ಟು. ಅದಕ್ಕೇ ಹೆರಿಗೆಯಾಗಿ 4ರಿಂದ 12 ವಾರದೊಳಗೆ ಮತ್ತೊಮ್ಮೆ 75 ಗ್ರಾಂ ಪರೀಕ್ಷೆ. ಈಗ ಬಸುರಿನ ಗಡಿ ಇಲ್ಲ, ಮೇಲೆ ಹೇಳಿದ ಎಲ್ಲರ ಗಡಿ: ಖಾಲಿ ಹೊಟ್ಟೆಗೆ 126, ಎರಡು ಗಂಟೆಗೆ 200, ಅದರ ಕೆಳಗೆ ಬಾರ್ಡರ್. ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ, ಹೊಸ ರಕ್ತಕಣಗಳು ತುಂಬಿರುತ್ತವೆ, ಹಾಗಾಗಿ ಎಚ್‌ಬಿಎ1ಸಿ ಆಗ ನಂಬುವಂತಿಲ್ಲ. ಸರಿ ಬಂದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ಇನ್ನೊಂದು ಮಗು ಬೇಕು ಅಂದಾಗ ಬಸುರಾಗುವ ಮೊದಲೇ ಒಮ್ಮೆ.

ಈ ಪರೀಕ್ಷೆಯ ಚೀಟಿಯನ್ನು ಡಿಸ್ಚಾರ್ಜ್ ಆಗುವ ದಿನವೇ ಬರೆಸಿಕೊಳ್ಳಿ. ಮಗು ಮನೆಗೆ ಬಂದ ಮೇಲೆ ನೆನಪಾಗುವುದಿಲ್ಲ. ಹಾಲು ಕುಡಿಸುತ್ತಿದ್ದರೂ ಪರೀಕ್ಷೆ ಮಾಡಿಸಬಹುದು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

ನಾನು ಹೋದದ್ದು ಒಂಬತ್ತನೇ ವಾರಕ್ಕೆ. ಮಗಳು ಅಮ್ಮನ ತೊಡೆ ಮೇಲೆ, ನನ್ನ ಕೈಯಲ್ಲಿ ಅದೇ ಗ್ಲೂಕೋಸ್ ನೀರಿನ ಲೋಟ. ಎರಡು ಗಂಟೆಯಲ್ಲಿ ಮೂರು ಸಲ ಅತ್ತಳು, ಎರಡು ಸಲ ಹಾಲು ಕುಡಿಸಿದೆ. ರಿಪೋರ್ಟ್: ಖಾಲಿ ಹೊಟ್ಟೆಗೆ 104, ಎರಡು ಗಂಟೆಗೆ 138. "ಡಯಾಬಿಟಿಸ್ ಹೋಗಿದೆ, ಆದರೆ ನೀವು ಬಾರ್ಡರ್‌ನಲ್ಲಿದ್ದೀರಿ" ಅಂದರು ಡಾಕ್ಟರ್. ಪ್ರಾಯಶಃ ಬಸುರಾಗುವ ಮೊದಲೂ ಅಲ್ಲೇ ಇದ್ದೆನೋ ಏನೋ, ಯಾರೂ ನೋಡಿರಲಿಲ್ಲ. ಬಾರ್ಡರ್ ಇದ್ದವರು ವರ್ಷಕ್ಕೊಮ್ಮೆ ನೋಡಿಸಬೇಕಂತೆ. ಲ್ಯಾಬಿನ ಮೆಟ್ಟಿಲು ಇಳಿಯುವ ಮೊದಲೇ ಮುಂದಿನ ವರ್ಷದ ತಾರೀಖು ಫೋನಿನಲ್ಲಿ ಹಾಕಿಕೊಂಡೆ.